ಹೂಳುವ ಮೊದಲು ಒಮ್ಮೆ ಒಳಗೆ ನೋಡಿ

ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ, ಅರಣ್ಯ, ಮೀನುಗಾರಿಕೆ, ಪಶುಸಂಗೋಪನೆ ಇಲಾಖೆಗಳವರಿಗೆ, ಮತ್ತು ಮಾಜಾಳಿಯಿಂದ ಭಟ್ಕಳದವರೆಗೆ ಕಡಲ ಬದಿಯಲ್ಲಿರುವ ಎಲ್ಲರಿಗೂ ನಮಸ್ಕಾರ.

ನಾನು ದನದ ಡಾಕ್ಟರು. ಈಗ ನಿವೃತ್ತ. ಕೆಲಸ ಮಾಡಿದ್ದೆಲ್ಲ ಶಿರಸಿ, ಸಿದ್ದಾಪುರದ ಕಡೆ. ಮಗಳ ಮನೆ ಕಾರವಾರದಲ್ಲಿರುವುದರಿಂದ ನಾನೂ ಘಟ್ಟ ಇಳಿದು ಬಂದಿದ್ದೇನೆ. ಬೆಳಿಗ್ಗೆ ದಂಡೆಯಲ್ಲಿ ನಡೆಯುವುದು, ಬರುವಾಗ ಬಂಗಡೆಯೋ ನೊಗಲಿಯೋ ಸಿಕ್ಕರೆ ತರುವುದು, ಇಷ್ಟೇ ದಿನಚರಿ. ಪತ್ರಗಿತ್ರ ಬರೆಯುವ ಅಭ್ಯಾಸ ಇಲ್ಲ. ನನ್ನ ಕಪಾಟಿನಲ್ಲಿ ಒಂದು ಸಣ್ಣ ಬಾಟಲಿ ಇದೆ. ಅದು ಎರಡು ವರ್ಷದಿಂದ ನನ್ನನ್ನು ಸುಮ್ಮನಿರಲು ಬಿಡುತ್ತಿಲ್ಲ.

ಜುಲೈ ಕೊನೆಯ ಒಂದು ಬೆಳಿಗ್ಗೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ದಂಡೆಯಲ್ಲಿ ಜನ ಸೇರಿದ್ದರು. ಕಡಲಹಂದಿಯೊಂದು ಸತ್ತು ಬಿದ್ದಿತ್ತು. ಕೆಲವರು ಹಂದಿಮೀನು ಅನ್ನುತ್ತಾರೆ, ಪೇಟೆಯಿಂದ ಬಂದವರು ಡಾಲ್ಫಿನ್ ಅನ್ನುತ್ತಾರೆ. ಡಾಲ್ಫಿನ್ ಅಲ್ಲ ಅದು. ದೇವಬಾಗದ ಕಡೆ ಬೋಟಿನಲ್ಲಿ ಕರೆದುಕೊಂಡು ಹೋಗಿ ತೋರಿಸುವುದು ಗೂನುಬೆನ್ನಿನ ಡಾಲ್ಫಿನ್. ನಮ್ಮ ಕಡಲಹಂದಿಗೆ ಕೊಕ್ಕಿನಂಥ ಮೂತಿ ಇಲ್ಲ, ತಲೆ ದುಂಡಗೆ. ಬೆನ್ನ ಮೇಲೆ ರೆಕ್ಕೆಯೇ ಇಲ್ಲ. ಅದರ ಬದಲು ಉದ್ದಕ್ಕೆ ಒಂದು ಸಣ್ಣ ಏಣು, ಅದರ ಮೇಲೆ ಕೈಗೆ ತರಿತರಿಯಾಗಿ ಸಿಗುವ ಗುಳ್ಳೆಗಳು. ಹಲ್ಲು ಮೊನಚಲ್ಲ, ಸಣ್ಣ ಸಲಿಕೆಯ ಹಾಗೆ ಚಪ್ಪಟೆ. ಇಂಗ್ಲಿಷಿನ ‘ಪಾರ್ಪಸ್’ ಎಂಬ ಹೆಸರು ಕೂಡ ಲ್ಯಾಟಿನ್ನಿನ ಹಂದಿ, ಮೀನು ಎಂಬ ಎರಡು ಪದ ಸೇರಿ ಆದದ್ದು. ಅಲ್ಲಿಯವರಿಗೂ ಹಂದಿಯ ಹಾಗೇ ಕಂಡಿದೆ, ತಮಾಷೆ ಅಲ್ವಾ?

ಆ ದಿನ ಅಲ್ಲಿ ನಿಂತವರೆಲ್ಲ ಡಾಕ್ಟರುಗಳೇ. ಬೋಟಿನ ಫ್ಯಾನು ಬಡಿದಿದೆ ಎಂದರು ಒಬ್ಬರು. ಮೈಮೇಲೆ ಗಾಯ ಇರಲಿಲ್ಲ. ಪ್ಲಾಸ್ಟಿಕ್ ತಿಂದಿದೆ ಎಂದರು ಇನ್ನೊಬ್ಬರು. ದೊಡ್ಡ ಸುತ್ತುಬಲೆ ಬಿಡುವ ಪರ್ಸಿನ್ ಬೋಟಿನವರ ಕೆಲಸ ಎಂದು ಮೂರನೆಯವರು ಗಟ್ಟಿಯಾಗಿ ಹೇಳಿದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಅವೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿಕೊಂಡು ನಿಂತಿದ್ದವು. ಅದನ್ನು ಯಾರೂ ನೆನಪಿಸಲಿಲ್ಲ. ನಾನೂ ನೆನಪಿಸಲಿಲ್ಲ.

ಅಷ್ಟರಲ್ಲಿ ಸಂಬಂಧಪಟ್ಟವರು ಬಂದರು. ಯಾವ ಕಚೇರಿ ಎಂದು ಬರೆಯುವುದಿಲ್ಲ, ಹೆಸರು ಹಿಡಿದು ಜಗಳ ಮಾಡುವ ಪತ್ರ ಇದಲ್ಲ. ಬಂದವರು ಒಳ್ಳೆಯವರೇ. ಟೇಪು ಹಿಡಿದು ಅಳೆದರು, ಫೋಟೋ ತೆಗೆದರು, ನಾಯಿಗಳನ್ನು ಓಡಿಸಿದರು. ಜೆಸಿಬಿ ಬಂತು. ಹೊಂಡ ತೋಡಿ ಹೂತರು. ಒಂದೂವರೆ ತಾಸಿನಲ್ಲಿ ಎಲ್ಲ ಮುಗಿಯಿತು. ಸಾವಿನ ಕಾರಣ ಏನು ಬರೆದಿರಿ ಎಂದು ಕೇಳಿದೆ. ‘ಬಲೆಗೆ ಸಿಕ್ಕಿ ಸತ್ತಿರಬಹುದು’ ಎಂದರು.

ಇರಬಹುದು. ಮಳೆಗಾಲದಲ್ಲೂ ನಾಡದೋಣಿಯವರು ದಡದ ಹತ್ತಿರ ಬಲೆ ಬಿಡುತ್ತಾರೆ. ಆದರೆ ನೀರಿನಲ್ಲಿ ಗೋಡೆಯ ಹಾಗೆ ನಿಲ್ಲಿಸುವ ಗಿಲ್‌ನೆಟ್‌ಗೆ ಸಿಕ್ಕಿದ್ದರೆ ಮೂತಿಯ ಸುತ್ತ, ಕೈರೆಕ್ಕೆಯ ಅಂಚಿನಲ್ಲಿ, ಬಾಲದ ಬುಡದಲ್ಲಿ ದಾರ ಕೊಯ್ದ ಗೆರೆ ಸಾಮಾನ್ಯವಾಗಿ ಇರುತ್ತದೆ. ನನಗೆ ಕಾಣಲಿಲ್ಲ. ಕಂಡದ್ದು ಬೇರೆ ಎರಡು. ಪ್ರಾಣಿ ಸೊರಗಿತ್ತು. ತಲೆಯ ಹಿಂದೆ, ಕೊಬ್ಬು ತುಂಬಿ ದುಂಡಗಿರಬೇಕಾದ ಜಾಗದಲ್ಲಿ ತಗ್ಗು ಬಿದ್ದಿತ್ತು. ಮತ್ತೆ, ನೆತ್ತಿಯ ಮೇಲಿನ ಉಸಿರಿನ ತೂತಿನ ಅಂಚಿನಲ್ಲಿ ಬಿಳಿ ದಾರದಂಥದ್ದು ಏನೋ ಇತ್ತು. ಬಲೆಯ ನೂಲು ಅಂದುಕೊಂಡರು ಎಲ್ಲರೂ. ಕಡ್ಡಿಯಿಂದ ಎಳೆದೆ. ಹುಳು.

ಚಾ ಅಂಗಡಿಯಿಂದ ಒಂದು ಖಾಲಿ ಬಾಟಲಿ ಕೇಳಿ ತಂದು ಅದರಲ್ಲಿ ಹಾಕಿದೆ. ಮನೆಗೆ ಬಂದು ಸ್ಪಿರಿಟ್ ಹೊಯ್ದು, ಚೀಟಿಯಲ್ಲಿ ಪೆನ್ಸಿಲಿನಿಂದ ದಿನ, ಜಾಗ ಬರೆದು ಒಳಗೇ ಇಳಿಸಿದೆ. ಪೆನ್ನಿನ ಶಾಯಿ ಸ್ಪಿರಿಟ್ಟಿನಲ್ಲಿ ಬಿಟ್ಟುಹೋಗುತ್ತದೆ. ಈ ಪಾಠ ಕಲಿತದ್ದು ಚಿಕ್ಕ ವಯಸ್ಸಿನಲ್ಲಿ, ಒಂದು ಡಜನ್ ಮಾದರಿ ಹಾಳು ಮಾಡಿಕೊಂಡ ಮೇಲೆ.

ಕಡಲಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಹುಳುವಿನ ಬಗ್ಗೆ ಮಾತ್ರ ಸ್ವಲ್ಪ ಮಾತಾಡಬಲ್ಲೆ. ಘಟ್ಟದ ಮೇಲೆ ಗದ್ದೆ ಬದಿಯಲ್ಲಿ ಮೇಯುವ ದನಗಳಿಗೆ ಲಿವರಿನ ಚಪ್ಪಟೆ ಹುಳು ಬರುತ್ತದೆ. ಮೊಟ್ಟೆ ಸಗಣಿಯಲ್ಲಿ ಬಿದ್ದು ನೀರಿಗೆ ಹೋಗುತ್ತದೆ. ಅಲ್ಲಿ ಒಂದು ಸಣ್ಣ ಬಸವನಹುಳುವಿನೊಳಗೆ ಬೆಳೆದು ಹೊರಗೆ ಬಂದು ಹುಲ್ಲಿಗೆ ಅಂಟಿಕೊಳ್ಳುತ್ತದೆ. ಹುಲ್ಲಿನ ಜೊತೆ ಮತ್ತೆ ದನದ ಹೊಟ್ಟೆಗೆ. ದನ ಸೊರಗುತ್ತದೆ, ದವಡೆಯ ಕೆಳಗೆ ನೀರು ತುಂಬಿ ಜೋಲುತ್ತದೆ. ಅಂಥ ದನ ಕಂಡರೆ ನಾವು ಔಷಧ ಕುಡಿಸಿ ಬರುವುದಿಲ್ಲ. ಎಲ್ಲಿ ಮೇಯಿಸಿದಿರಿ, ಯಾವ ಗದ್ದೆ, ನೀರು ನಿಂತಿತ್ತಾ, ಪಕ್ಕದ ಮನೆಯ ದನ ಹೇಗಿದೆ, ಎಲ್ಲ ಕೇಳುತ್ತೇವೆ. ಹುಳು ಯಾವುದು ಎಂದು ಗೊತ್ತಾದರೆ ದನ ಎಲ್ಲಿ ಓಡಾಡಿದೆ, ಏನು ತಿಂದಿದೆ ಎಂದು ಗೊತ್ತಾಗುತ್ತದೆ.

ಕಡಲಹಂದಿಯದೂ ಹಾಗೇ. ಅನಿಸಾಕಿಸ್ ಎಂಬ ದುಂಡುಹುಳು ಬಲಿತು ದೊಡ್ಡದಾಗುವುದು ತಿಮಿಂಗಿಲ, ಡಾಲ್ಫಿನ್, ಕಡಲಹಂದಿಗಳ ಹೊಟ್ಟೆಯಲ್ಲಿ. ಮೊಟ್ಟೆ ಮಲದ ಜೊತೆ ನೀರಿಗೆ ಬೀಳುತ್ತದೆ. ಮರಿಹುಳುವನ್ನು ಸಿಗಡಿ ಜಾತಿಯ ಪುಟ್ಟ ಜೀವಿಗಳು ನುಂಗುತ್ತವೆ, ಅವನ್ನು ಮೀನು ಮತ್ತು ಬೊಂಡಾಸ್ (ಸ್ಕ್ವಿಡ್) ತಿನ್ನುತ್ತವೆ, ಅವನ್ನು ಕಡಲಹಂದಿ ತಿನ್ನುತ್ತದೆ. ಹೊಟ್ಟೆಯ ಗೋಡೆಗೆ ತಲೆ ಚುಚ್ಚಿಕೊಂಡು ಗೊಂಚಲುಗೊಂಚಲಾಗಿ ಕೂರುತ್ತದೆ. ಅಲ್ಲಿ ಹುಣ್ಣಾಗುತ್ತದೆ. ಮೀನು ಕೊಯ್ಯುವ ಹೆಂಗಸರಿಗೆ ಇದರ ಮರಿಗಳು ಗೊತ್ತಿರಬಹುದು. ಮೀನಿನ ಕರುಳಿನ ಹತ್ತಿರ ಗಡಿಯಾರದ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತಿಕೊಂಡ ಬಿಳಿ ಹುಳು. ಹೆದರಬೇಡಿ. ಸಾರಿನಲ್ಲಿ ಚೆನ್ನಾಗಿ ಕುದಿದ ಮೇಲೆ ಅದು ಬದುಕುವುದಿಲ್ಲ. ತೊಂದರೆ ಹಸಿ ಮೀನು ತಿನ್ನುವವರಿಗೆ. ಅದಕ್ಕೇ ಅಮೆರಿಕದಂಥ ಕಡೆ ಹಸಿಯಾಗಿ ಬಡಿಸುವ ಮೀನನ್ನು ಮೊದಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡುವ ನಿಯಮ ಮಾಡಿಕೊಂಡಿದ್ದಾರೆ.

ಇನ್ನೊಂದು ಮಾತು. ಕಡಲಹಂದಿಯ ಹೊಟ್ಟೆ ಒಂದೇ ಚೀಲ ಅಲ್ಲ. ದನದ ಹಾಗೆ ಹಲವು ಕೋಣೆ. ತಿಮಿಂಗಿಲ, ಡಾಲ್ಫಿನ್, ಇದು, ಎಲ್ಲ ಬಂದದ್ದು ಗೊರಸು ಸೀಳಿದ ಪ್ರಾಣಿಗಳ ವಂಶದಿಂದ. ಬದುಕಿರುವವುಗಳಲ್ಲಿ ಇವಕ್ಕೆ ತೀರಾ ಹತ್ತಿರದ ನೆಂಟ ನೀರಾನೆ. ಹಾಗಾಗಿ ದನದ ಡಾಕ್ಟರು ಕಡಲಹಂದಿಯ ಹೊಟ್ಟೆಯಲ್ಲಿ ಕೈ ಹಾಕಿದರೆ ತೀರಾ ಪರದೇಶಕ್ಕೆ ಬಂದ ಹಾಗೆ ಆಗುವುದಿಲ್ಲ.

ನನ್ನ ಬಾಟಲಿಯಲ್ಲಿರುವುದು ಹೊಟ್ಟೆಯದಲ್ಲ, ಉಸಿರಿನ ದಾರಿಯದು. ಈ ಪ್ರಾಣಿಗಳ ಶ್ವಾಸಕೋಶದಲ್ಲಿ ಇರುವ ಹುಳುಗಳದ್ದೇ ಒಂದು ಕುಟುಂಬ ಇದೆ. ಯುರೋಪಿನ ಕಡಲಹಂದಿಗಳಲ್ಲಿ ಇರುವ ಸುಡಾಲಿಯಸ್ ಎಂಬುದು ಗೇಣುದ್ದಕ್ಕೂ ಬೆಳೆಯುತ್ತದೆ. ಉಸಿರುನಾಳದಲ್ಲೂ ಇರುತ್ತದೆ, ಶ್ವಾಸಕೋಶದ ರಕ್ತನಾಳದಲ್ಲೂ ಇರುತ್ತದೆ. ಚೀನಾದಲ್ಲಿ ರೆಕ್ಕೆಯಿಲ್ಲದ ಕಡಲಹಂದಿಯಿಂದ ಹ್ಯಾಲೊಸೆರ್ಕಸ್ ಪಿಂಗಿ ಎಂಬ ಹುಳುವನ್ನು 1929ರಲ್ಲೇ ಗುರುತಿಸಿ ಹೆಸರಿಟ್ಟಿದ್ದಾರೆ. ಇವು ನಾಳವನ್ನು ಕಟ್ಟುತ್ತವೆ, ಬಾವು ತರುತ್ತವೆ, ಅದರ ಮೇಲೆ ಬ್ಯಾಕ್ಟೀರಿಯಾ ಕೂತು ನ್ಯುಮೋನಿಯಾ ಆಗುತ್ತದೆ. ಉಸಿರು ಬಿಗಿಹಿಡಿದು ಮುಳುಗಿ ಮೀನು ಹಿಡಿಯುವ ಪ್ರಾಣಿಗೆ ಎದೆ ಕಟ್ಟಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮುಳುಗಲಾಗದಿದ್ದರೆ ತಿನ್ನಲಾಗುವುದಿಲ್ಲ. ತಿನ್ನದಿದ್ದರೆ ತಲೆಯ ಹಿಂದೆ ತಗ್ಗು ಬೀಳುತ್ತದೆ.

ತಲೆಯೊಳಗೂ ಹುಳು ಇರುತ್ತವೆ. ಸ್ಟೆನುರಸ್ ಎಂಬ ಸಣ್ಣ ದುಂಡುಹುಳು ಕಿವಿಯ ಸುತ್ತಲಿನ ಗಾಳಿಚೀಲಗಳಲ್ಲಿ. ನಾಸಿಟ್ರೆಮಾ ಎಂಬ ಚಪ್ಪಟೆ ಹುಳು ಮೂಗಿನ ಗಾಳಿಗೂಡುಗಳಲ್ಲಿ. ಜಪಾನಿನ ರೆಕ್ಕೆಯಿಲ್ಲದ ಕಡಲಹಂದಿಗಳಲ್ಲಿ ಇದು ಸಿಕ್ಕಿದೆ. ಇದರ ಮೊಟ್ಟೆಗಳು ಮಿದುಳಿಗೆ ಹೋಗಿ ಅಲ್ಲಿ ಗಾಯ ಮಾಡಿದ್ದನ್ನು ದಡಕ್ಕೆ ಬಂದು ಬಿದ್ದ ಡಾಲ್ಫಿನ್ನುಗಳಲ್ಲಿ ನೋಡಿದ್ದಾರೆ. ಹೊರಗಿನಿಂದ ಟೇಪು ಹಿಡಿದರೆ ಇದೆಲ್ಲ ಎಲ್ಲಿ ಕಾಣಬೇಕು?

ಈಗ ನಾನು ಹೆದರುವ ವಿಷಯ ಹೇಳುತ್ತೇನೆ. ಈ ಪತ್ರ ಓದಿ, ನಾಳೆಯಿಂದ ಸತ್ತ ಕಡಲಹಂದಿಯನ್ನು ಸೀಳಿ, ಹುಳು ಕಂಡು, ಅದೇ ಕಾಗದದಲ್ಲಿ ‘ಹುಳುವಿನಿಂದ ಸತ್ತಿದೆ’ ಎಂದು ಬರೆದರೆ? ಅದು ‘ಬಲೆಗೆ ಸಿಕ್ಕಿರಬಹುದು’ ಎಂಬುದಕ್ಕಿಂತ ಕೆಟ್ಟದು. ಎಲ್ಲರಿಗೂ ಬಚಾವಾಗಲು ಒಂದು ದಾರಿ ಸಿಗುತ್ತದೆ. ಬಲೆಯೂ ಅಲ್ಲ, ಬೋಟೂ ಅಲ್ಲ, ಕೊಳಕು ನೀರೂ ಅಲ್ಲ, ದೇವರು ಕೊಟ್ಟ ಹುಳು.

ಹುಳು ಇಲ್ಲದ ದನವನ್ನು ನಾನು ನನ್ನ ನೌಕರಿಯಲ್ಲಿ ಕಂಡದ್ದು ಕಡಿಮೆ. ಕಾಡಿನ, ಕಡಲಿನ ಪ್ರಾಣಿಗಳಿಗೂ ಹುಳು ಇರುವುದೇ ಸಹಜ. ಪ್ರಶ್ನೆ ಎಷ್ಟು ಇದೆ, ಯಾಕೆ ಈಗ ಜಾಸ್ತಿ, ಮೈ ಯಾಕೆ ತಡೆದುಕೊಳ್ಳಲಿಲ್ಲ ಎಂಬುದು. ಯುರೋಪಿನವರು ಈ ಕೆಲಸ ಮಾಡಿ ನೋಡಿದ್ದಾರೆ. ಗ್ರೀನ್‌ಲ್ಯಾಂಡ್ ಕಡೆಯ ಕಡಲಹಂದಿಗಳಲ್ಲೂ ಶ್ವಾಸಕೋಶದ ಹುಳು ಇವೆ, ಉತ್ತರ ಸಮುದ್ರ, ಬಾಲ್ಟಿಕ್ ಸಮುದ್ರದವುಗಳಲ್ಲೂ ಇವೆ. ಆದರೆ ಶ್ವಾಸಕೋಶ ಕೆಟ್ಟದ್ದು ಕಾರ್ಖಾನೆ, ಹಡಗು ಜಾಸ್ತಿ ಇರುವ ಈ ಎರಡನೆಯ ಕಡೆ ಹೆಚ್ಚು. ಬ್ರಿಟನ್ನಿನಲ್ಲಿ ದಡಕ್ಕೆ ಬಂದ ಪ್ರಾಣಿಗಳನ್ನು 1990ರಿಂದ ಒಂದೇ ಕ್ರಮದಲ್ಲಿ ಪರೀಕ್ಷೆ ಮಾಡುತ್ತ ಬಂದಿದ್ದಾರೆ. ಆ ಲೆಕ್ಕ ಇದ್ದುದರಿಂದ 1999ರಲ್ಲಿ ಒಂದು ಮುಖ್ಯ ಹೋಲಿಕೆ ಸಾಧ್ಯವಾಯಿತು. ಬಲೆಗೆ ಸಿಕ್ಕೋ ಪೆಟ್ಟು ಬಿದ್ದೋ ಸತ್ತ ಕಡಲಹಂದಿಗಳಿಗಿಂತ ಹುಳು, ಸೋಂಕಿನ ರೋಗದಿಂದ ಸತ್ತವುಗಳ ಕೊಬ್ಬಿನಲ್ಲಿ ಪಿಸಿಬಿ ಎಂಬ ವಿಷ ಜಾಸ್ತಿ ಇತ್ತು. ಪಿಸಿಬಿ ಅಂದರೆ ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಬಳಸುತ್ತಿದ್ದ ರಾಸಾಯನಿಕ. ಕೊಬ್ಬಿನಲ್ಲಿ ಕೂತುಬಿಡುತ್ತದೆ, ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಪ್ರಾಣಿ ಸೊರಗಿದಾಗಲೂ ಕೊಬ್ಬಿನಲ್ಲಿ ವಿಷದ ಪ್ರಮಾಣ ಏರಿ ಕಾಣಬಹುದು, ಹಾಗಾಗಿ ವಿಜ್ಞಾನಿಗಳು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಈ ಹೋಲಿಕೆಯ ಗುಟ್ಟು ಎಲ್ಲಿದೆ ನೋಡಿ. ಕಾಯಿಲೆಯಿಂದ ಸತ್ತವುಗಳನ್ನು ಮಾತ್ರ ನೋಡಿದ್ದರೆ ಏನೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿಟ್ಟು ನೋಡಲು ಆರೋಗ್ಯವಾಗಿದ್ದೇ ಸತ್ತವು ಬೇಕು. ಅಂಥವು ಸಿಗುವುದು ಎಲ್ಲಿ? ಬಲೆಯಲ್ಲಿ.

ಇಲ್ಲಿಗೆ ಬಂದರೆ ನಮ್ಮ ಕಡೆಯ ದೊಡ್ಡ ಗಂಟು ಸಿಗುತ್ತದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಈ ಪ್ರಾಣಿ ಮೊದಲನೆಯ ಪಟ್ಟಿಯಲ್ಲಿದೆ, ಹುಲಿ, ಆನೆಯ ಸಾಲಿನಲ್ಲಿ. ಅದು ಸರಿಯೇ. ಆದರೆ ಅದರಿಂದ ದೋಣಿಯಲ್ಲಿ ಏನಾಗುತ್ತದೆ? ಬೆಳಿಗ್ಗೆ ಬಲೆ ಎಳೆಯುವಾಗ ಕಡಲಹಂದಿ ಸತ್ತು ಬಂದಿದೆ. ದಡಕ್ಕೆ ತಂದರೆ ಕೇಸು ಎಂದು ಹೆದರಿಕೆ. ಬಲೆ ಬಿಡಿಸಿ ಅಲ್ಲೇ ನೀರಿಗೆ ಬಿಡುತ್ತಾರೆ. ನನಗೆ ಇದನ್ನು ಹೇಳಿದ, ಮೀನುಗಾರರಾದ ಹರಿಕಂತ್ರ ಸಮುದಾಯದ ಯಜಮಾನರು, ‘ಡಾಕ್ಟ್ರೇ, ಬೇಕಂತ ಹಿಡಿಯುವವರು ಯಾರೂ ಇಲ್ಲ. ಅದು ಸಿಕ್ಕಿದರೆ ಬಲೆಯೂ ಹಾಳು, ದಿನವೂ ಹಾಳು. ಆದರೆ ಕಚೇರಿ ಅಲೆಯುವವರು ಯಾರು?’ ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ನೀರಿಗೆ ಬಿಟ್ಟ ಆ ಒಂದೊಂದು ಕಡಲಹಂದಿಯೂ ನಮಗೆ ಬೇಕಾಗಿದ್ದ ಹೋಲಿಕೆಯ ಮಾದರಿ.

ಹಾಗಾಗಿ ಜಿಲ್ಲಾಧಿಕಾರಿಗಳೇ, ನನ್ನ ಮೊದಲ ಕೋರಿಕೆ ಚಾಕು, ಬಾಟಲಿಯದ್ದಲ್ಲ, ಒಂದು ಕಾಗದದ್ದು. ಅರಿವಿಲ್ಲದೆ ಬಲೆಗೆ ಬಿದ್ದ ಕಡಲಹಂದಿಯನ್ನು ದಡಕ್ಕೆ ತಂದು ಒಪ್ಪಿಸಿದವರಿಗೆ ಕಿರುಕುಳ ಆಗುವುದಿಲ್ಲ ಎಂದು ಅರಣ್ಯ ಇಲಾಖೆಯವರ ಜೊತೆ ಕೂತು ಬರೆದು, ಸಹಿ ಹಾಕಿ, ಬೈತಖೋಲ, ಬೇಲೆಕೇರಿ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಲ್ಲಿ ಅಂಟಿಸಿ. ಕನ್ನಡದಲ್ಲೂ ಕೊಂಕಣಿಯಲ್ಲೂ. ಕೆಳಗೆ ಒಂದೇ ಒಂದು ಫೋನ್ ನಂಬರು, ರಾತ್ರಿಯೂ ಎತ್ತುವಂಥದ್ದು.

ಆಮೇಲೆ ಉಳಿದದ್ದು ಅಷ್ಟು ಕಷ್ಟದ್ದಲ್ಲ. ದಡಕ್ಕೆ ಬಂದ ಕಡಲ ಪ್ರಾಣಿಗಳ ಬಗ್ಗೆ ಕೇಂದ್ರ ಸರ್ಕಾರ 2021ರಲ್ಲೇ ಮಾರ್ಗಸೂಚಿ ಹೊರಡಿಸಿದೆ. 2020ರ ಆಗಸ್ಟ್ 15ರಂದು ಪ್ರಾಜೆಕ್ಟ್ ಡಾಲ್ಫಿನ್ ಎಂದು ಘೋಷಣೆಯೂ ಆಗಿದೆ. ಅದು ಗಂಗೆಯ ಡಾಲ್ಫಿನ್ನಿಗೆ ಮಾತ್ರ ಅಲ್ಲ, ಕಡಲಿನವಕ್ಕೂ ಸೇರಿದ್ದು. ಕಾರವಾರದಲ್ಲೇ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಮೈಕ್ರೋಸ್ಕೋಪು, ಕಲಿತ ಹುಡುಗರು, ಹುಡುಗಿಯರು, ಎಲ್ಲ ಒಂದೇ ಊರಿನಲ್ಲಿ. ಇನ್ನೂ ಏನು ಬೇಕು?

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಈ 5 ತಾಲೂಕಿಗೆ ಒಬ್ಬೊಬ್ಬರಂತೆ ಪಶು ವೈದ್ಯರನ್ನು ಆರಿಸಿ ತಯಾರು ಮಾಡಿ. ಶವ ಪರೀಕ್ಷೆಗೆ ಅನುಮತಿಯನ್ನು ಪ್ರಾಣಿ ಸತ್ತ ಮೇಲೆ ಹುಡುಕಿಕೊಂಡು ಹೋಗುವುದಲ್ಲ, ಮೊದಲೇ ಕೊಟ್ಟಿಡಿ. ನಮ್ಮ ಸೆಕೆಗೆ ಒಂದು ದಿನ ಕಳೆದರೆ ಒಳಗಿನದ್ದೆಲ್ಲ ಗಂಜಿ. ಪ್ರತಿ ತಾಲೂಕಿನಲ್ಲಿ ಒಂದು ಪೆಟ್ಟಿಗೆ ಇರಲಿ: ಒಳ್ಳೆಯ ಚಾಕು, ಉದ್ದ ಗ್ಲೌಸ್, ಮಾಸ್ಕ್, ಹುಳುವಿಗೆ 70 ಪರ್ಸೆಂಟಿನ ಸ್ಪಿರಿಟ್, ಶ್ವಾಸಕೋಶದ ತುಂಡಿಗೆ ಫಾರ್ಮಲಿನ್, ಬಾಟಲಿ, ಚೀಟಿ, ಮತ್ತು ಪೆನ್ಸಿಲ್. ಪೆನ್ಸಿಲ್ ಮರೆಯಬೇಡಿ. ಕೊಯ್ದವರು ಹುಳು ಇದೆ, ಇಲ್ಲ ಎಂದಷ್ಟೇ ಬರೆದರೆ ಸಾಲದು. ಯಾವ ಅಂಗ, ಸುಮಾರು ಎಷ್ಟು, ಸುತ್ತಲಿನ ಮಾಂಸ ಹೇಗಿತ್ತು, ಪ್ರಾಣಿಯ ಉದ್ದ, ಕೊಬ್ಬಿನ ದಪ್ಪ, ಹೊಟ್ಟೆಯಲ್ಲಿ ಯಾವ ಮೀನು, ಮೈಮೇಲೆ ಬಲೆಯ ಗುರುತು ಇತ್ತಾ, ಎಲ್ಲ ಬರೆಯಬೇಕು. ಹುಳು ಏನೂ ಸಿಗದಿದ್ದರೆ ಅದನ್ನೂ ಬರೆಯಬೇಕು.

ಮರಿ ಸತ್ತು ಬಂದರೆ ಅದನ್ನಂತೂ ಬಿಡಲೇಬೇಡಿ. ಯುರೋಪಿನಲ್ಲಿ ಹಾಲು ಕುಡಿಯುವ ಮರಿಗಳ ಶ್ವಾಸಕೋಶ ಸಾಮಾನ್ಯವಾಗಿ ಹುಳುವಿಲ್ಲದೆ ಚೊಕ್ಕಟವಾಗಿರುತ್ತದೆ. ಮೀನು ತಿನ್ನಲು ಶುರು ಮಾಡಿದ ಮೇಲೆ ಹುಳು ಬರುತ್ತದೆ. ಆದರೆ ಬಾಟಲಿಮೂತಿ ಡಾಲ್ಫಿನ್ನಿನಲ್ಲಿ ಹ್ಯಾಲೊಸೆರ್ಕಸ್ ತಾಯಿಯ ಗರ್ಭದಲ್ಲೇ ಮರಿಗೆ ಹೋದ ಉದಾಹರಣೆ ಇದೆ. ನಮ್ಮ ಕಡಲಿನ ಮರಿ ಯಾವ ಸಾಲಿಗೆ ಸೇರುತ್ತದೆ ಎಂದು ಒಂದೆರಡು ಶ್ವಾಸಕೋಶ ಕೊಯ್ದು ನೋಡಿದರೆ ಸುಳಿವು ಸಿಗುತ್ತದೆ.

ಔಷಧ ಹಾಕಬಹುದಲ್ಲ ಎಂದು ನನ್ನ ಮೊಮ್ಮಗ ಕೇಳಿದ. ಕಡಲಿಗೆ ಜಂತುಹುಳದ ಮಾತ್ರೆ ಇಲ್ಲ ಮಗಾ ಎಂದೆ.

ದಂಡೆಯಲ್ಲಿ ಇರುವವರಿಗೂ ನಾಲ್ಕು ಮಾತು. ಸತ್ತ ಕಡಲಹಂದಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಅದರ ಮೇಲೆ ಕೂರಿಸಿ ಫೋಟೋ ತೆಗೆಯಬೇಡಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯುರೋಪಿನಲ್ಲಿ ಕಡಲಹಂದಿಯ ಶ್ವಾಸಕೋಶದ ಹುಳುವಿನೊಳಗೇ ಬ್ರೂಸೆಲ್ಲಾ ಬ್ಯಾಕ್ಟೀರಿಯಾ ಸಿಕ್ಕಿದೆ. ದನಗಳಿಗೆ ಕಂದು ಹಾಕಿಸುವ ರೋಗದ ಬಳಗದ್ದೇ ಅದು. ನಾನು ಆ ದಿನ ಕಡ್ಡಿ ಹಿಡಿದದ್ದು ಅದಕ್ಕೇ. ಜೀವ ಇರುವ ಕಡಲಹಂದಿ ಸಿಕ್ಕರೆ ಬಾಲ ಹಿಡಿದು ಎಳೆಯಬೇಡಿ, ಉಸಿರಿನ ತೂತಿಗೆ ನೀರು, ಮರಳು ಹೋಗದ ಹಾಗೆ ನೋಡಿಕೊಳ್ಳಿ, ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಫೋನ್ ಮಾಡಿ. ಮತ್ತೆ ಮತ್ತೆ ನೀರಿಗೆ ದೂಡಿದರೆ ಪುಣ್ಯ ಬರುತ್ತದೆ ಎಂದೇನೂ ಇಲ್ಲ. ಎದೆ ಕಟ್ಟಿದ ಪ್ರಾಣಿ ದಡಕ್ಕೆ ಬರುವುದು ಕೆಲವೊಮ್ಮೆ ಮುಳುಗದೆ ಉಸಿರಾಡಲಿಕ್ಕೇ.

ಅಘನಾಶಿನಿ ಅಳಿವೆಗೆ 2024ರಲ್ಲಿ, ಜಗತ್ತಿನ ಮುಖ್ಯ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ಮನ್ನಣೆ ಬಂದಾಗ ಎಲ್ಲರೂ ಸಂತೋಷ ಪಟ್ಟೆವು. ನಾನೂ ಪಟ್ಟೆ. ಆ ಅಳಿವೆಯ ಬಾಯಲ್ಲಿ, ಕಾಳಿ, ಗಂಗಾವಳಿ, ಶರಾವತಿಯ ಬಾಯಲ್ಲಿ, ದಡದ ಹತ್ತಿರದ ಕಡಿಮೆ ಆಳದ ನೀರಿನಲ್ಲೇ ಈ ಪ್ರಾಣಿಯ ಬದುಕು. ನಮ್ಮ ಹೊಳೆಗಳು ತಂದು ಸುರಿಯುವುದೆಲ್ಲ ಮೊದಲು ಸಿಗುವುದು ಅದಕ್ಕೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದು ಅಪಾಯದ ಅಂಚಿಗೆ ಬಂದ ಜಾತಿ. ಅಂಥದ್ದೊಂದು ತಾನಾಗಿ ದಡಕ್ಕೆ ಬಂದು ಬಿದ್ದಾಗ ಒಂದೂವರೆ ತಾಸಿನಲ್ಲಿ ಮಣ್ಣು ಮುಚ್ಚುತ್ತೇವೆ.

ಕೊನೆಗೆ ಬಾಟಲಿಯ ವಿಷಯ. ಮೊದಲನೆಯ ಪಟ್ಟಿಯ ಪ್ರಾಣಿಯ ಯಾವ ಭಾಗವನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ ಎಂದು ನನಗೆ ಗೊತ್ತು. ಹುಳು ಪ್ರಾಣಿಯ ಭಾಗವೋ, ಬಾಡಿಗೆಗೆ ಇದ್ದದ್ದೋ ಎಂದು ವಕೀಲರೇ ಹೇಳಬೇಕು. ಕೇಸು ಹಾಕುವುದಾದರೆ ಹಾಕಿ, ಆ ನೆಪದಲ್ಲಾದರೂ ಅದನ್ನು ಯಾರಾದರೂ ಮೈಕ್ರೋಸ್ಕೋಪಿನ ಕೆಳಗೆ ಇಡುತ್ತಾರೆ. ಇಲ್ಲವಾದರೆ ಎಲ್ಲಿಗೆ ತಂದುಕೊಡಬೇಕು ತಿಳಿಸಿ. ಬೆಳಿಗ್ಗೆ ನಡೆಯಲು ಹೋಗುವಾಗ ನಾನೇ ತರುತ್ತೇನೆ. ಚೀಟಿಯಲ್ಲಿ ದಿನ ಇದೆ, ಜಾಗ ಇದೆ. ಹುಳುವಿನ ಹೆಸರಿಗೆ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.

ಇಂತಿ,
ಘಟ್ಟದ ಮೇಲಿನಿಂದ ಬಂದ ಒಬ್ಬ ದನದ ಡಾಕ್ಟರು
ಕಾರವಾರ